ಕಲ್ಲಾದ ಮರದಿಂದ ಬ್ಯಾಟರಿಯ ಊರಿಗೆ

ಸಿಯಾಟಲ್ ಬಿಟ್ಟಾಗ ಜಿಟಿಜಿಟಿ ಮಳೆ. ಐ-90 ಹೆದ್ದಾರಿಯಲ್ಲಿ ಸ್ನೋಕ್ವಾಲ್ಮಿ ಘಾಟಿ ಹತ್ತುವವರೆಗೂ ಎರಡೂ ಬದಿಗೆ ಫರ್ ಮರಗಳ ಕಪ್ಪುಹಸಿರು. ಘಾಟಿ ಇಳಿದು ಎಲೆನ್ಸ್‌ಬರ್ಗ್ ದಾಟಿದ್ದೇ ತಡ, ಕಾಡೆಂಬುದೇ ಇಲ್ಲ! ಒಣಗುಡ್ಡ, ಕುರುಚಲು ಗಿಡ, ಬೀಸುಗಾಳಿ. ನೋಡುನೋಡುತ್ತಿದ್ದಂತೆ ನೆಲ ಕುಸಿದು, ಕರಿಬಂಡೆಗಳ ನಡುವೆ ಕೊಲಂಬಿಯಾ ನದಿ ಕಾಣಿಸಿತು. ಊರು ವಾಂಟೇಜ್.

ಇಲ್ಲಿರುವುದು ಗಿಂಕ್ಗೊ ಶಿಲಾವನ. ಗುಡ್ಡದ ಕಾಲುದಾರಿಯಲ್ಲಿ ಅಲ್ಲಲ್ಲಿ ಕಬ್ಬಿಣದ ಸರಳು ಹೊದಿಸಿದ ಗುಂಡಿಗಳು. ಒಳಗೆ ಮರದ ದಿಮ್ಮಿಗಳು. ಬಗ್ಗಿ ನೋಡಿದೆ. ಎಳೆ, ಗಂಟು, ವರ್ಷದ ಉಂಗುರ ಎಲ್ಲವೂ ಇವೆ. ಮರ ಮಾತ್ರ ಇಲ್ಲ, ಇರುವುದು ಕಲ್ಲು! ಸುಮಾರು 1.5 ಕೋಟಿ ವರ್ಷಗಳ ಹಿಂದೆ ಕೆರೆಯ ಕೆಸರಿನಲ್ಲಿ ಹೂತಿದ್ದ ದಿಮ್ಮಿಗಳ ಮೇಲೆ ಲಾವಾ ಹರಿಯಿತು. ನೀರು ಕುಡಿದು ನೆನೆದಿದ್ದರಿಂದ, ಗಾಳಿ ಸೋಕದ್ದರಿಂದ ಅವು ಉರಿದುಹೋಗಲಿಲ್ಲ. ಬಳಿಕ ಅಂತರ್ಜಲದಲ್ಲಿ ಕರಗಿದ್ದ ಸಿಲಿಕಾ ಮರದ ಒಂದೊಂದು ಕೋಶಕ್ಕೂ ಇಳಿಯಿತು.

“ಚಿಕ್ಕಪ್ಪ, ಇಲ್ಲಿ ಕಾರ್ಬನ್ ಹೋಗಿ ಸಿಲಿಕಾನ್ ಬಂದಿದೆ. ಮುಂದಿನ ಊರಲ್ಲಿ ಕಾರ್ಬನ್ ಉಳಿಸಿಕೊಂಡೇ ಸಿಲಿಕಾನನ್ನು ಒಳಗೆ ಕೂರಿಸುತ್ತಾರೆ” ಎಂದಳು ಜೊತೆಗಿದ್ದ ಅಣ್ಣನ ಮಗಳು. ಬ್ಯಾಟರಿ ಸಾಮಗ್ರಿಯೇ ಅವಳ ಓದು. ಉಳಿದ ದಾರಿಯುದ್ದಕ್ಕೂ ಅದೇ ಮಾತು.

ನಮ್ಮ ಫೋನು, ಕಾರುಗಳ ಲಿಥಿಯಂ ಬ್ಯಾಟರಿಯ ಆನೋಡ್, ಅಂದರೆ ಚಾರ್ಜಾಗುವಾಗ ಲಿಥಿಯಂ ತುಂಬಿಕೊಳ್ಳುವ ಭಾಗ, ಬಹುಮಟ್ಟಿಗೆ ಗ್ರಾಫೈಟ್. ಒಂದು ಗ್ರಾಂ ಗ್ರಾಫೈಟ್ ಹಿಡಿಯಬಲ್ಲದ್ದು 372 ಮಿಲಿಆಂಪ್-ಗಂಟೆ. ಸಿಲಿಕಾನ್ ಸುಮಾರು 3,600. ಹತ್ತಿರಹತ್ತಿರ ಹತ್ತು ಪಟ್ಟು! ಆದರೆ ಲಿಥಿಯಂ ತುಂಬಿಕೊಂಡಾಗ ಸಿಲಿಕಾನ್ ಮೂರು-ನಾಲ್ಕು ಪಟ್ಟು ಉಬ್ಬುತ್ತದೆ, ಬಿಟ್ಟುಕೊಟ್ಟಾಗ ಕುಗ್ಗುತ್ತದೆ. ಚಾರ್ಜು ಮಾಡಿದಾಗಲೆಲ್ಲ ಇದೇ ಪಾಡಾಗಿ ಕಣ ಬಿರಿದು ಪುಡಿಯಾಗುತ್ತದೆ, ವಿದ್ಯುತ್ ಸಂಪರ್ಕ ತಪ್ಪುತ್ತದೆ. ಬಿರುಕಿನ ಹೊಸ ಮೈಮೇಲೆ ಮತ್ತೆ ಮತ್ತೆ ಪೊರೆಗಟ್ಟಿ ಲಿಥಿಯಂ ಸುಮ್ಮನೆ ವ್ಯಯವಾಗುತ್ತದೆ.

ಇದಕ್ಕೆ ಕಾರ್ಬನ್ನೇ ಮದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಕಾರ್ಬನ್ ಪುಡಿಯನ್ನು ಕಾಯಿಸಿ ಸಿಲೇನ್ ಅನಿಲ ಹಾಯಿಸುತ್ತಾರೆ. ಅನಿಲ ಒಡೆದು, ಸಿಲಿಕಾನ್ ರಂಧ್ರಗಳೊಳಗೆ ಕೂರುತ್ತದೆ. ದೋಸೆಹಿಟ್ಟು ಉಬ್ಬೀತೆಂದು ಪಾತ್ರೆಯಲ್ಲಿ ಜಾಗ ಬಿಡುವಂತೆ ಇಲ್ಲೂ ರಂಧ್ರವನ್ನು ಪೂರ್ತಿ ತುಂಬುವುದಿಲ್ಲ. ಆನೋಡಿನ ಲೇಪಕ್ಕೆ ಚಿಟಿಕೆಯಷ್ಟು ಕಾರ್ಬನ್ ನ್ಯಾನೊಟ್ಯೂಬ್ ಬೆರೆಸುವುದೂ ಉಂಟು. ಕಣಗಳು ಸರಿದಾಡಿದರೂ ಈ ಉದ್ದನೆಯ ಎಳೆಗಳು ವಿದ್ಯುತ್ತಿನ ದಾರಿ ಕಡಿಯಗೊಡುವುದಿಲ್ಲ.

ಮೋಸೆಸ್ ಲೇಕ್ ಬಂತು. ಆಲೂಗಡ್ಡೆ ಹೊಲ, ಹಳೆಯ ವಾಯುಪಡೆ ನೆಲೆಯ ಉದ್ದಾನುದ್ದ ರನ್‌ವೇ. ಇಂಥ ಊರಲ್ಲಿ ಸಿಲಾ, ಗ್ರೂಪ್14 ಎಂಬ ಎರಡು ಕಂಪನಿಗಳು ಕಾರ್ಖಾನೆ ಕಟ್ಟಿವೆ. ಕೊಲಂಬಿಯಾದ ಅಗ್ಗದ ಜಲವಿದ್ಯುತ್ತೇ ಇಲ್ಲಿಯ ದೊಡ್ಡ ಆಕರ್ಷಣೆ. 2022ರಲ್ಲಿ ಅಮೆರಿಕದ ಇಂಧನ ಇಲಾಖೆ ಎರಡಕ್ಕೂ ತಲಾ 10 ಕೋಟಿ ಡಾಲರ್ ಅನುದಾನ ಘೋಷಿಸಿತ್ತು. ಬೇಲಿಯಾಚೆಯಿಂದ ನಮಗೆ ಕಂಡದ್ದು ಕಟ್ಟಡ, ಕೊಳವೆಗಳಷ್ಟೆ. ಆದರೂ ಮೈ ಜುಮ್ಮೆಂದಿತು. ಆವರ್ತ ಕೋಷ್ಟಕದಲ್ಲಿ ಕಾರ್ಬನ್ನಿನ ಕೆಳಮನೆಯೇ ಸಿಲಿಕಾನಿನದು. ಆ ಇಬ್ಬರನ್ನು ಭೂಮಿ ಪುರುಸೊತ್ತಾಗಿ ಅದಲುಬದಲು ಮಾಡಿದ ಸೀಮೆಯಲ್ಲೇ, ಮನುಷ್ಯ ಕುಲುಮೆ ಹೂಡಿ ಇಬ್ಬರನ್ನೂ ಒಂದೇ ಸೂರಿನಡಿ ಬಾಳಿಸಲು ಹೊರಟಿದ್ದಾನೆ!

ಸಿಯಾಟಲ್‌ಗೆ ಮಕ್ಕಳ ಮನೆಗೆಂದು ಹೋಗುವವರು ಒಂದು ದಿನ ಇತ್ತ ಬನ್ನಿ. ಕಾರ್ಖಾನೆಗಳನ್ನು ಹೊರಗಿನಿಂದಲೇ ನೋಡಬೇಕು. ಶಿಲಾವನದಲ್ಲಿ ಬೇಕಾದಷ್ಟು ಹೊತ್ತು ಅಡ್ಡಾಡಬಹುದು. ಕಾರು ನಿಲ್ಲಿಸಲು ಡಿಸ್ಕವರ್ ಪಾಸ್ ಬೇಕು. ಬೇಸಿಗೆಯಲ್ಲಾದರೆ ಕಾಲುದಾರಿಯಲ್ಲಿ ನೆರಳಿಲ್ಲ, ನೀರು ಜೊತೆಗಿರಲಿ.