ಆಟಕ್ಕೆ ದನಿ ಕೊಟ್ಟವರು

ವಿಡಿಯೋ ಗೇಮ್ ಮುಗಿದ ಮೇಲೆ ಹೆಸರುಗಳ ಉದ್ದನೆಯ ಪಟ್ಟಿ ಪರದೆಯ ಮೇಲೆ ಹತ್ತುತ್ತಾ ಹೋಗುತ್ತದೆ. ಕೊನೆಯವರೆಗೂ ಕೂತು ನೋಡುವವರು ಕಡಿಮೆ. ನನಗೋ ಆ ಕೊನೆಯೇ ಬೇಕು. ಚಿತ್ರ ಬರೆದವರು, ಸಂಗೀತ ಕೊಟ್ಟವರು, ಲೆಕ್ಕಪತ್ರ ನೋಡಿಕೊಂಡವರು ಎಲ್ಲರೂ ದಾಟಿದ ಮೇಲೆ ಸಣ್ಣ ಅಕ್ಷರದಲ್ಲಿ ಲೈಸೆನ್ಸ್ ಒಕ್ಕಣೆಗಳು ಬರುತ್ತವೆ. ‘ಜಿಫ್ ಫೌಂಡೇಶನ್’ ಎಂಬ ಹೆಸರು ಅಲ್ಲಿ ಎಷ್ಟೋ ಆಟಗಳಲ್ಲಿ ಸಿಗುತ್ತದೆ. ಆಟ ಮಾಡಿದ ಕಂಪನಿಯ ಸಂಬಳ ಪಡೆಯದೆ, ಆ ಆಟ ಯಾವುದೆಂದೂ ತಿಳಿಯದೆ ಅದಕ್ಕೆ ದನಿ ಕೊಟ್ಟವರು ಇವರು.

ಕಥೆ ಸ್ವಲ್ಪ ಹಳೆಯದು. 1998ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ, ಎಂಪಿ3 ಪೇಟೆಂಟ್ ನಮ್ಮದು, ಬಳಸುವವರು ದುಡ್ಡು ಕೊಡಬೇಕು ಎಂದು ಪತ್ರ ಬರೆಯಿತು. ಆಟ ಮಾಡುವವರಿಗೆ ಅದು ಮುಂದೆ ಒಂದೊಂದು ಆಟಕ್ಕೆ 2,500 ಡಾಲರ್ ಎಂದಾಯಿತು. ಜಿಫ್ ಫೌಂಡೇಶನ್ ಹುಟ್ಟುಹಾಕಿದ ಅಮೆರಿಕದ ಕ್ರಿಸ್ ಮಾಂಟ್‌ಗೋಮರಿ ಮತ್ತು ಸಂಗಡಿಗರು ಯಾರ ಪೇಟೆಂಟಿನ ಹಂಗೂ ಇಲ್ಲದ ‘ಆಗ್ ವೋರ್ಬಿಸ್’ ಎಂಬ ಧ್ವನಿ ನಮೂನೆ ಕಟ್ಟಿದರು. 2002ರಲ್ಲಿ ಅದರ 1.0 ಆವೃತ್ತಿ ಬಂತು. ನನಗೆ ದೊಡ್ಡದಾಗಿ ಕಾಣುವುದು 2001ರಲ್ಲೇ ಅವರು ಮಾಡಿದ ತೀರ್ಮಾನ. ಅಲ್ಲಿಯವರೆಗೆ ವೋರ್ಬಿಸ್ ಕೋಡ್ ಲೈಬ್ರರಿಗೆ ಎಲ್‌ಜಿಪಿಎಲ್ ಲೈಸೆನ್ಸ್ ಇತ್ತು. ತಿದ್ದಿ ಹಂಚಿದರೆ ತಿದ್ದುಪಡಿಯನ್ನೂ ಬಿಟ್ಟುಕೊಡಬೇಕಿತ್ತು. ಅದನ್ನು ಬಿಟ್ಟು ಬಿಎಸ್‌ಡಿಗೆ ಬಂದರು. ತಗೊಳ್ಳಿ, ತಿದ್ದಿ, ಮುಚ್ಚಿಟ್ಟುಕೊಂಡೇ ಮಾರಿ, ನಮ್ಮ ಹಕ್ಕಿನ ಸಾಲುಗಳನ್ನು ಮಾತ್ರ ಅಳಿಸಬೇಡಿ, ಅಷ್ಟೇ. ತಿದ್ದಿದ್ದನ್ನು ಹಂಚಲೇಬೇಕು ಎಂದು ವಾದಿಸುತ್ತ ಬಂದ ರಿಚರ್ಡ್ ಸ್ಟಾಲ್‌ಮನ್ ಅವರೇ ಇದಕ್ಕೆ ಒಪ್ಪಿದರು. ಎಂಪಿ3 ಹಿಡಿತ ಸಡಿಲಾಗಬೇಕಾದರೆ ವೋರ್ಬಿಸ್ ಎಲ್ಲ ಕಡೆ ನುಗ್ಗಬೇಕು ಎಂಬುದು ಅವರ ಲೆಕ್ಕ. ಆ ಒಪ್ಪಿಗೆಯ ಬಗ್ಗೆ ನನಗೆ ಅಪಾರ ಗೌರವ.

ನುಗ್ಗಿತು. ಆಟದವರು ಅದನ್ನು ತಿದ್ದಿದ ಪರಿ ಮಾತ್ರ ಹತ್ತಿರದಿಂದ ನೋಡುವಂಥದ್ದು. ಕೆನಡಾದ ಮಾಂಟ್ರಿಯಲ್‌ನ ಆಡಿಯೋಕೈನೆಟಿಕ್ ಕಂಪನಿಯ ‘ವೈಸ್’ ತಂತ್ರಾಂಶ ದೊಡ್ಡ ದೊಡ್ಡ ಆಟಗಳ ಸದ್ದನ್ನೆಲ್ಲ ನಡೆಸುತ್ತದೆ. ವೋರ್ಬಿಸ್ ಫೈಲ್ ಶುರುವಾಗುವುದು ಮೂರು ಹೆಡರ್‌ಗಳಿಂದ. ಮೂರನೆಯದರಲ್ಲಿ ಕೋಡ್‌ಬುಕ್‌ಗಳಿರುತ್ತವೆ, ಅಂದರೆ ಮುಂದೆ ಬರುವ ಬಿಟ್‌ಗಳನ್ನು ಬಿಡಿಸಿ ಓದಲು ಬೇಕಾದ ಕೋಷ್ಟಕಗಳು. ನಾಲ್ಕು ನಿಮಿಷದ ಹಾಡಿಗೆ ಈ ಕೆಲವು ಕಿಲೋಬೈಟ್ ಲೆಕ್ಕಕ್ಕೇ ಇಲ್ಲ. ಆಟದಲ್ಲಿರುವುದು ಹೆಜ್ಜೆಯ ಸಪ್ಪಳ, ಬಾಗಿಲ ಕಿರುಗುಟ್ಟು, ಕತ್ತಿ ಒರೆಗೆ ಸೇರುವ ಸದ್ದು. ಎಲ್ಲ ಅರೆ ಸೆಕೆಂಡಿನವು, ಸಾವಿರಗಟ್ಟಲೆ. ಒಂದೊಂದರ ಜೊತೆಗೂ ಆ ಕೋಷ್ಟಕಗಳೆಂದರೆ, ಒಂದೊಂದು ಕಟ್ಟು ವೀಳ್ಯದೆಲೆಗೂ ಒಂದೊಂದು ಲಾರಿ ಕಳಿಸಿದ ಹಾಗಾಯಿತು. ಆಡಿಯೋಕೈನೆಟಿಕ್‌ನವರು ಕೋಡ್‌ಬುಕ್‌ಗಳನ್ನು ಫೈಲ್‌ಗಳಿಂದ ಕಿತ್ತು ಪ್ರೋಗ್ರಾಮಿನೊಳಗೇ ಇಟ್ಟರು, ಫೈಲಿಗೆ ತೊಡಿಸಿದ್ದ ‘ಆಗ್’ ಎಂಬ ಹೊದಿಕೆಯನ್ನೂ ಕಳಚಿದರು. ಫೈಲ್ ಹಗುರಾಯಿತು, ಮಾಮೂಲಿ ಪ್ಲೇಯರ್‌ನಲ್ಲಿ ತೆರೆಯದಂತೆಯೂ ಆಯಿತು. ಆಟದ ಹಾಡು ಕೇಳುವ ಹುಚ್ಚಿನವರು ಸುಮ್ಮನಿರುತ್ತಾರೆಯೇ? ಕಿತ್ತದ್ದನ್ನು ಮತ್ತೆ ಜೋಡಿಸಿ ಮೂಲರೂಪಕ್ಕೆ ತರುವ ಪ್ರೋಗ್ರಾಮನ್ನೂ ಬರೆದು ಹಂಚಿದರು.

ಮಾತು ಸಂಗೀತದ ಕಡೆ ಹೊರಳಿತು, ಹೊರಳಲಿ. ಮಿಲ್ಲರ್ ಪಕೆಟ್ ಎಂಬುವರು 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಪಾಠ ಹೇಳುತ್ತಾ ಸದ್ದು, ಸಂಗೀತ ಹೆಣೆಯುವ ‘ಪ್ಯೂರ್ ಡೇಟಾ’ ತಂತ್ರಾಂಶ ಬರೆದರು. ಇದಕ್ಕೂ ಬಿಎಸ್‌ಡಿ ಲೈಸೆನ್ಸೇ. ಪರದೆಯ ಮೇಲೆ ಒಂದು ಚೌಕ ಇಟ್ಟು ಆಂದೋಲಕದ ಹೆಸರಿನ ಪಕ್ಕ 440 ಎಂದು ಬರೆಯಿರಿ. ಅಲ್ಲಿಂದ ಗೆರೆ ಎಳೆದು, 0.1ರಿಂದ ಗುಣಿಸುವ ಚೌಕದ ಮೂಲಕ ಹಾಯಿಸಿ, ಸ್ಪೀಕರ್‌ನ ಚೌಕಕ್ಕೆ ಸೇರಿಸಿ. ಒಂದು ಸ್ವರ ಮೆಲ್ಲಗೆ ಏಳುತ್ತದೆ. ಅದು ನುಡಿಯುತ್ತಿರುವಾಗಲೇ ಹೊಸ ಗೆರೆ ಎಳೆಯಬಹುದು. 2008ರಲ್ಲಿ ಬಂದ ‘ಸ್ಪೋರ್’ ಆಟಕ್ಕೆ ಇಎ ಕಂಪನಿಯವರು ಇದನ್ನೇ ತಿದ್ದಿ ಎಂಜಿನ್ನಿನೊಳಗೆ ಕೂರಿಸಿ ಇಎಪಿಡಿ ಎಂದು ಕರೆದರು. ಸಂಗೀತದಲ್ಲಿ ಬ್ರಯನ್ ಈನೋ ಕೈಜೋಡಿಸಿದರು. ಆಡುವವನು ತನ್ನ ಪ್ರಾಣಿಗೆ ಕಾಲು, ಬಾಯಿ, ಕಣ್ಣು ಜೋಡಿಸುತ್ತಿದ್ದರೆ ಸಂಗೀತ ಅಲ್ಲೇ, ಆಗಲೇ ಹುಟ್ಟುತ್ತಿತ್ತು. ರೆಕಾರ್ಡ್ ಮಾಡಿದ ಹಾಡು ತಿರುತಿರುಗಿ ಬಂದು ಬೇಸರ ತರಿಸುವ ಆಟಗಳ ನಡುವೆ ಇದು ಎಂಥ ಸುಖ! 2010ರ ಹೊತ್ತಿಗೆ ಬೇರೆಯವರು ‘ಲಿಬ್‌ಪಿಡಿ’ ಹೊರತಂದರು. ಪ್ಯೂರ್ ಡೇಟಾದ ಕಿಟಕಿ, ಸೌಂಡ್ ಡ್ರೈವರ್ ಎಲ್ಲ ಬೇರ್ಪಡಿಸಿ ಒಳತಿರುಳನ್ನಷ್ಟೇ ಉಳಿಸಿದ ಲೈಬ್ರರಿ ಅದು. ಆಟ ಕೇಳಿದಾಗಲೆಲ್ಲ 64 ಸ್ಯಾಂಪಲ್‌ಗಳಂತೆ ಅಳೆದು ಕೊಡುತ್ತದೆ. ದೊಡ್ಡ ಕಂಪನಿ ಒಳಗೊಳಗೇ ಮಾಡಿಕೊಂಡಂಥ ಕೆಲಸ ಇವತ್ತು ಇಬ್ಬರೇ ಕೂತು ಆಟ ಕಟ್ಟುವವರಿಗೂ ಸಿಗುತ್ತದೆ.

ಎಲ್‌ಜಿಪಿಎಲ್‌ನ ದಾರಿಯೂ ಬರಡಲ್ಲ. ಕ್ರಿಸ್ ರಾಬಿನ್ಸನ್ ಅವರ ‘ಓಪನ್‌ಎಎಲ್ ಸಾಫ್ಟ್’ ಎಂಬ ಧ್ವನಿ ಲೈಬ್ರರಿ ಅದೇ ಲೈಸೆನ್ಸಿನದು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸದ್ದು ಇದರ ಮೂಲಕವೇ ಹೊರಡುತ್ತದೆ. ಹೆಡ್‌ಫೋನ್ ಹಾಕಿಕೊಂಡು ಸೆಟ್ಟಿಂಗ್ಸ್‌ನಲ್ಲಿ ಡೈರೆಕ್ಷನಲ್ ಆಡಿಯೋ ಆನ್ ಮಾಡಿದರೆ, ಹಿಂದಿನಿಂದ ಬರುವ ರಾಕ್ಷಸ ಕ್ರೀಪರ್‌ನ ಬುಸುಗುಟ್ಟು ಬೆನ್ನ ಹಿಂದೆಯೇ ಕೇಳುತ್ತದೆ. ಇಂಥ ಲೈಬ್ರರಿಯನ್ನು ಆಟದ ಪಕ್ಕ ಬೇರೆ ಫೈಲಾಗಿ ಇಡುವುದು ವಾಡಿಕೆ. ಬೇಕಾದವರು ಅದನ್ನು ತೆಗೆದು ಹೊಸದನ್ನು ಹಾಕಿಕೊಳ್ಳಲು ಆಗಬೇಕು ಎಂಬುದು ಲೈಸೆನ್ಸಿನ ಷರತ್ತು. ಬೀಗ ಜಡಿದ ಕನ್ಸೋಲ್‌ಗಳಲ್ಲಿ ಆ ಅನುಕೂಲವಿಲ್ಲ. ಅದಕ್ಕೇ ಸ್ಟುಡಿಯೋಗಳ ಕಣ್ಣು ಬಿಎಸ್‌ಡಿ ಕಡೆಗೆ.

ತಿದ್ದಿ ಮುಚ್ಚಿಟ್ಟುಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. 2018ರ ಮಾರ್ಚ್‌ನಲ್ಲಿ ವೋರ್ಬಿಸ್ ಲೈಬ್ರರಿಯಲ್ಲಿ ಅಪಾಯದ ದೋಷವೊಂದು ಬಯಲಾಯಿತು. ಬೇಕೆಂದೇ ಕೆಡಿಸಿದ ಫೈಲ್ ಕೊಟ್ಟರೆ ಅದು ತನ್ನ ಜಾಗ ಮೀರಿ ಮೆಮೊರಿಯಲ್ಲಿ ಬರೆದುಬಿಡುತ್ತಿತ್ತು. ಜಿಫ್‌ನವರು ಕೂಡಲೇ 1.3.6 ಆವೃತ್ತಿ ಬಿಟ್ಟರು. ಮೂಲವನ್ನೇ ಬಳಸುವವರು ಹೊಸದನ್ನು ಎಳೆದುಕೊಂಡರೆ ಆಯಿತು. ತಮ್ಮದೇ ಪ್ರತಿಯನ್ನು ತಿದ್ದಿಕೊಂಡವರು ಆ ತೇಪೆಯನ್ನು ಹುಡುಕಿ ತಂದು ಕೈಯಾರೆ ಹಚ್ಚಬೇಕು. ವೇಗಕ್ಕಾಗಿ, ಹಗುರಕ್ಕಾಗಿ ಮಾಡಿದ ಬದಲಾವಣೆ ಅವರಲ್ಲೇ ಇರಲಿ, ಆ ಹಕ್ಕು ಅವರಿಗಿದೆ. ಕಂಡುಹಿಡಿದು ಸರಿಮಾಡಿದ ದೋಷಗಳನ್ನಾದರೂ ಮೂಲದವರಿಗೆ ಕಳಿಸಿಕೊಡಲಿ. ಆ ನಾಲ್ಕು ಸಾಲು ಮುಂದಿನ ಆವೃತ್ತಿಯಲ್ಲಿ ಸೇರಿಬಿಟ್ಟರೆ, ಮುಂದಿನ ಆಟಕ್ಕೆ ಅದನ್ನು ಮತ್ತೆ ಹಚ್ಚುವ ಕೆಲಸವೂ ಅವರಿಗೇ ತಪ್ಪುತ್ತದೆ.