ಅರವತ್ತರ ದಣಿವು

ನಿವೃತ್ತನಾಗಿ ವರ್ಷ ತುಂಬಿರಲಿಲ್ಲ. ಮಧ್ಯಾಹ್ನ ಊಟವಾದರೆ ಸಾಕು, ಕುರ್ಚಿಯಲ್ಲೇ ತೂಕಡಿಕೆ. ರಾತ್ರಿ ಹೆಂಡತಿಯೊಂದಿಗೆ ಮಾತಿಗೂ ಉತ್ಸಾಹವಿಲ್ಲ. ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಸಕ್ಕರೆ ಕಾಯಿಲೆಯ ಬಗ್ಗೆ ಮದುವೆ ಮನೆಯಲ್ಲೂ ಮಾತಾಡುವ ನಾವು ಗಂಡಸರು, ಈ ವಿಷಯ ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ.

ದುಬೈಯಿಂದ ರಜೆಗೆ ಬಂದಿದ್ದ ಅಕ್ಕನ ಮಗ ಒಂದು ದಿನ ಹೇಳಿದ: "ಮಾವ, ಟೆಸ್ಟೋಸ್ಟಿರೋನ್ ಇಂಜೆಕ್ಷನ್ ತಗೊಳ್ಳಿ. ಜಿಮ್ಮಿನವರ ಮಾತು ಕೇಳಿ ನಾನೂ ತಗೊಳ್ತಿದ್ದೇನೆ."

ಈ ಆಸೆ ಹಳೆಯದು. 1889ರಲ್ಲಿ ಪ್ಯಾರಿಸ್ಸಿನಲ್ಲಿ 72ರ ಹರೆಯದ ವಿಜ್ಞಾನಿ ಬ್ರೌನ್-ಸೆಕಾರ್, ಪ್ರಾಣಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು ಕಸುವು ಮರಳಿತೆಂದು ಸಾರಿದ್ದರು. ಅದು ಬಹುತೇಕ ನಂಬಿಕೆಯ ಬಲವಾಗಿತ್ತು. ಶುದ್ಧ ಹಾರ್ಮೋನು ಕೈಗೆ ಸಿಕ್ಕಿದ್ದು 1935ರಲ್ಲಿ.

ಹೆಂಡತಿಯನ್ನೂ ಕರೆದುಕೊಂಡು ವೈದ್ಯರ ಬಳಿ ಹೋದೆ. "ಮೊದಲು ರಕ್ತ ಪರೀಕ್ಷೆ. ಅದೂ ಬೆಳಿಗ್ಗೆ, ಎರಡು ಬೇರೆ ಬೇರೆ ದಿನ" ಎಂದರು. ಈ ಹಾರ್ಮೋನು ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆಯಂತೆ. "ಗೊರಕೆ ಹೊಡೆಯುತ್ತೀರಾ?" ಎಂದಾಗ ನನಗಿಂತ ಮೊದಲು ಹೆಂಡತಿಯೇ ಉತ್ತರಿಸಿದಳು.

ನನ್ನ ಹಾರ್ಮೋನು ಸರಿಯಾಗಿಯೇ ಇತ್ತು. ಸಕ್ಕರೆ, ತೂಕ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೇ ದಣಿವಿಗೆ ಕಾರಣ. ನಿಜವಾದ ಕೊರತೆ ಇದ್ದವರಿಗೆ ಈ ಔಷಧ ಉಪಕಾರಿ ಎಂದರು. ಆದರೆ 65 ದಾಟಿದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಂಪತ್ಯದ ಆಸಕ್ತಿ ತುಸು ಹೆಚ್ಚಿತೇ ಹೊರತು ದಣಿವು ನೀಗಿದ್ದು ಕಾಣಲಿಲ್ಲ. 5,000ಕ್ಕೂ ಹೆಚ್ಚು ಗಂಡಸರ 2023ರ ಅಧ್ಯಯನದಲ್ಲಿ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಾಗಿ ಕಂಡವು. ರಕ್ತ ದಪ್ಪವಾಗುವ, ಪ್ರಾಸ್ಟೇಟಿನ ತೊಂದರೆಯ ಮೇಲೂ ಕಣ್ಣಿಡಬೇಕು.

ಏಳುವಾಗ ವೈದ್ಯರೆಂದರು: "ಮಕ್ಕಳು ಬೇಕೆನ್ನುವವರು ಇದನ್ನು ಮುಟ್ಟಬಾರದು. ಹೊರಗಿನಿಂದ ಬಂದರೆ ದೇಹ ತನ್ನ ಕೆಲಸ ನಿಲ್ಲಿಸುತ್ತದೆ, ವೀರ್ಯಾಣು ಕುಸಿಯುತ್ತದೆ."

ಎದೆ ಧಸಕ್ಕೆಂದಿತು. ಅಳಿಯನಿಗೆ ಮದುವೆಯಾಗಿ ಮೂರು ವರ್ಷ, ಮಗುವಿಲ್ಲ. ಹುಡುಗಿಗೆ ಪರೀಕ್ಷೆಯ ಮೇಲೆ ಪರೀಕ್ಷೆ. ಕುಟುಂಬದ ಕಣ್ಣೆಲ್ಲ ಅವಳ ಮೇಲೆ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಅಂದು ರಾತ್ರಿಯೇ ಅವನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದ. "ನಿಲ್ಲಿಸಿದರೆ ಸರಿಹೋಗುತ್ತದಾ ಮಾವ?" ಎಂದ. ಹೆಚ್ಚಿನವರಿಗೆ ಸರಿಹೋಗುತ್ತದಂತೆ, ಆದರೆ ತಿಂಗಳುಗಳೇ ಬೇಕು, ವೈದ್ಯರಿಗೆ ತೋರಿಸು ಎಂದೆ. "ಮೊದಲು ಇದನ್ನು ನಿನ್ನ ಹೆಂಡತಿಗೆ ಹೇಳು" ಎಂದೂ ಸೇರಿಸಿದೆ.

ಫೋನ್ ಇಟ್ಟಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಬುದ್ಧಿ ಹೇಳುವುದು ಅವನಿಗೆ ಮಾತ್ರವಾ?" ಎಂದಳು. ಆ ರಾತ್ರಿ ನಾವಿಬ್ಬರೂ ತುಂಬ ಹೊತ್ತು ಮಾತಾಡಿದೆವು.