ಅಪ್ಪ, ಹನ್ನೆರಡು ಸೂಜಿ ಮತ್ತು ಮದ್ದು ಸೊಪ್ಪು

"ಬಾವ, ಬೇಕಾದ್ರೆ ಮಾತ್ರೆ ತಿನ್ನಿ. ಆದ್ರೆ ಅದಕ್ಕೆ ಮಾತ್ರ ಸೂಜಿ ಹಾಕಿಸ್ಬೇಡಿ. ಕಣಜದ ಗೂಡು ಕೆದಕಿದ ಹಾಗೆ... ಎಲ್ಲಾ ಕಡೆ ಹರಡಿಬಿಡುತ್ತೆ."

ಶ್ರೀಮಂಗಲದ ನಮ್ಮ ಮನೆ ಜಗಲಿಯಲ್ಲಿ ಕೂತು ಮಾಮ ಹೀಗಂದಾಗ ಹೊರಗೆ ಕಕ್ಕಡದ ಮಳೆ ಹೊಯ್ಯುತ್ತಿತ್ತು. ಅಪ್ಪ ಮಾತಾಡಲಿಲ್ಲ, ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದರು. ಅವರ ಪಿಎಸ್‌ಎ 8.6 ಬಂದಿತ್ತು. ಸಾಮಾನ್ಯವಾಗಿ 4ರ ಮೇಲೆ ಹೋದರೆ ಡಾಕ್ಟರು ಹುಬ್ಬೇರಿಸುತ್ತಾರೆ. ವಯಸ್ಸಿಗೆ ಪ್ರಾಸ್ಟೇಟ್ ಊದಿದರೂ, ಸೋಂಕಾದರೂ ಅದು ಏರುತ್ತದೆ, ಹಾಗಾಗಿ ಅದೊಂದರಿಂದಲೇ ಕ್ಯಾನ್ಸರ್ ಅನ್ನುವಂತಿಲ್ಲ. ಆದರೆ ಎಂಆರ್‌ಐನಲ್ಲೂ ಒಂದು ಮಚ್ಚೆ ಕಂಡಿತ್ತು. ಬಯಾಪ್ಸಿ ಮಾಡಲೇಬೇಕು ಅಂದಿದ್ದರು ಮೈಸೂರಿನ ಡಾಕ್ಟರು.

ಮಾಮನ ಮಾತನ್ನು ನಗಾಡಿ ತಳ್ಳಿಹಾಕುವುದು ಸುಲಭ. ಆದರೆ ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ನಮ್ಮ ಕಡೆ ಡಾಕ್ಟರ ಹತ್ತಿರ ಹೋಗುವುದೇ ಸೊಂಟ, ಬೆನ್ನು ನೋವು ತಡೆಯಲಾಗದೆ ಹೋದಾಗ. ಅಷ್ಟರಲ್ಲಿ ಅದು ಮೂಳೆ ಸೇರಿರುತ್ತದೆ. ಆಗ ಸೂಜಿ ಹಾಕುತ್ತಾರೆ, ಆರು ತಿಂಗಳಿಗೋ ವರ್ಷಕ್ಕೋ ಆಸಾಮಿ ಇಲ್ಲ. ನೋಡಿದವರಿಗೆ ಸೂಜಿಯೇ ಕೊಂದ ಹಾಗೆ ಕಾಣುತ್ತದೆ!

ಎರಡು ರಾತ್ರಿ ಕೂತು ಓದಿದೆ. ನನಗೆ ಧೈರ್ಯ ಕೊಟ್ಟದ್ದು ಬ್ರಿಟನ್ನಿನ ಪ್ರೊಟೆಕ್ಟ್ ಅನ್ನುವ ಅಧ್ಯಯನ. ಅದರಲ್ಲಿ 1643 ಗಂಡಸರು, ಎಲ್ಲರಿಗೂ ಸೂಜಿ ಚುಚ್ಚಿಯೇ ಕಾಯಿಲೆ ಪತ್ತೆ ಮಾಡಿದ್ದು. ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಉಳಿದ 545 ಜನರನ್ನು ಮೊದಲಿಗೆ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತಾ ಬಂದರು. 15 ವರ್ಷದ ಲೆಕ್ಕ 2023ರಲ್ಲಿ ಹೊರಬಂತು. ಆ 545 ಜನರಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು 17. ಕಾಯಿಲೆ ಹರಡಿದ್ದು ಈ ಗುಂಪಿನಲ್ಲಿ ಹೆಚ್ಚು, ನಿಜ. ಆದರೆ ಸೂಜಿ ಮೂರೂ ಗುಂಪಿಗೂ ಬಿದ್ದಿತ್ತಲ್ಲ? ಚುಚ್ಚಿದ್ದೇ ಹರಡುವ ಹಾಗಿದ್ದರೆ ಇಷ್ಟು ಜನ ಉಳಿಯುತ್ತಿದ್ದರೇ? ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಬೆಳೆದದ್ದೇ ಇಲ್ಲ ಅಂತಲ್ಲ, ಆದರೆ ತೀರಾ ಅಪರೂಪ.

ಅಪ್ಪ ಒಪ್ಪಿದರು. ಗುದದ್ವಾರದಿಂದ ಸ್ಕ್ಯಾನಿಂಗ್ ಕಡ್ಡಿ ತೂರಿಸಿ, ಅದೇ ದಾರಿಯಲ್ಲಿ ಹನ್ನೆರಡು ಸಲ ಸೂಜಿ ಹಾಕಿ ದಾರದೆಳೆಯಂಥ ಚೂರು ತೆಗೆದರು. ಜಾಗ ಮರಗಟ್ಟಿಸಿದ್ದರು, ಅರ್ಧ ಗಂಟೆಯೊಳಗೆ ಮುಗಿಯಿತು. "ಪಟಾಕಿ ಸದ್ದು ಬರುತ್ತೆ ಮಗ, ಅಷ್ಟೇ" ಅಂದರು ಅಪ್ಪ. ಸಂಜೆಯೇ ಊರಿಗೆ ಹೊರಟೆವು. ಮಾರನೇ ದಿನ ಮೂತ್ರ ಕೆಂಪಗೆ ಹೋದಾಗ ಅಪ್ಪನಿಗೆ ನಗು. "ಆಗಸ್ಟ್ 3 ಬರೋ ಮೊದಲೇ ಮದ್ದು ಸೊಪ್ಪಿನ ಪಾಯಸ ತಿಂದ ಹಾಗಾಯ್ತು!" (ಕೊಡಗಿನವರಿಗೆ ಗೊತ್ತು, ಆ ಪಾಯಸ ತಿಂದರೆ ಮೂತ್ರ ಕೆಂಪಗಾಗುತ್ತದೆ.) ಕೆಲವು ದಿನ ಹೀಗೆ ರಕ್ತ ಹೋಗುವುದು ಮಾಮೂಲು.

ಮಾಮೂಲಲ್ಲದ್ದು ಎರಡನೇ ರಾತ್ರಿ ಬಂತು. ಚಳಿ, ನಡುಕ, 102 ಜ್ವರ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. "ಮಳೆಯಲ್ಲಿ ನೆಂದದ್ದಕ್ಕೆ ಇರಬೇಕು, ಬೆಳಿಗ್ಗೆ ನೋಡೋಣ" ಅಂದರು ಅಪ್ಪ. ಡಾಕ್ಟರು ಕೊಟ್ಟ ಚೀಟಿ ನನ್ನ ಅಂಗಿ ಜೇಬಿನಲ್ಲೇ ಇತ್ತು, ಟಾರ್ಚ್ ಹಿಡಿದು ಆಗ ಓದಿದೆ. 'ಜ್ವರ ಬಂದರೆ ಕಾಯಬೇಡಿ, ತಕ್ಷಣ ಬನ್ನಿ.' ಜೀಪ್ ತೆಗೆದೆ. ಗೋಣಿಕೊಪ್ಪದಲ್ಲಿ ಡ್ರಿಪ್ ಹಾಕಿಸಿ, ತಿತಿಮತಿ, ಹುಣಸೂರು ದಾಟಿ ಮೈಸೂರು ಸೇರುವಾಗ ಬೆಳಕು ಹರಿದಿತ್ತು. ಕರುಳಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ರಕ್ತಕ್ಕೆ ಸೇರಿತ್ತು. ಮೊದಲೇ ಕೊಟ್ಟಿದ್ದ ಆಂಟಿಬಯಾಟಿಕ್‌ಗೆ ಅದು ಬಗ್ಗಿರಲಿಲ್ಲ. ನಮ್ಮ ದೇಶದಲ್ಲಿ ಅಂಥವು ಜಾಸ್ತಿ. ಐದು ದಿನ ಆಸ್ಪತ್ರೆ. ಬೆಳಿಗ್ಗೆವರೆಗೆ ಕಾದಿದ್ದರೆ? ಈಗಲೂ ಆ ಯೋಚನೆ ಬಂದರೆ ಕೈ ತಣ್ಣಗಾಗುತ್ತದೆ.

ಮಾಮ ನೋಡಲು ಬಂದವರು "ಹೇಳಿದ್ನಲ್ಲ ಬಾವ" ಅಂದರು. ಅವರು ಹೇಳಿದ್ದು ಇದನ್ನಲ್ಲ. ನಾವು ಹೆದರಿದ್ದು ಹರಡುವುದಕ್ಕೆ. ಹೆದರಬೇಕಾಗಿದ್ದು ಜ್ವರಕ್ಕೆ, ಮತ್ತೆ ಆಸ್ಪತ್ರೆಗೂ ನಮಗೂ ನಡುವೆ ಇದ್ದ ನೂರು ಕಿಲೋಮೀಟರಿಗೆ.

ರಿಪೋರ್ಟು ಗ್ಲೀಸನ್ 6. ಕ್ಯಾನ್ಸರ್ ಹೌದು, ಆದರೆ ನಿಧಾನದ್ದು. ಸದ್ಯ ಆಪರೇಷನ್ ಬೇಡ, ಗಮನಿಸುತ್ತಿದ್ದರೆ ಸಾಕಂತೆ. ಅಂದರೆ ಮುಂದೆ ಮತ್ತೆ ಸೂಜಿ! ಈ ಸಲ ಡಾಕ್ಟರಿಗೆ ನಾನೇ ಕೇಳಿದೆ. ಗುದದ ಬದಲು ಅದಕ್ಕೂ ವೃಷಣಕ್ಕೂ ನಡುವಿನ ಚರ್ಮದಿಂದ ಸೂಜಿ ಹಾಕುವ ಕ್ರಮ ಇದೆ, ಕರುಳು ಮುಟ್ಟದ ಕಾರಣ ಸೋಂಕು ಕಡಿಮೆ. ಹಾಗೇ ಮಾಡೋಣ ಅಂದರು. ಮೈಸೂರಿನಲ್ಲಿ ಮೂರ್ನಾಲ್ಕು ದಿನ ಅಕ್ಕನ ಮನೆಯಲ್ಲಿ ಉಳಿಯುವುದು ಅಂತಲೂ ತೀರ್ಮಾನವಾಗಿದೆ.

ನಿಮ್ಮ ಮನೆಯಲ್ಲೂ ಅಪ್ಪನೋ ಮಾವನೋ ಸೂಜಿಗೆ ಹೆದರಿ ಕೂತಿದ್ದರೆ ಕರೆದುಕೊಂಡು ಹೋಗಿ. ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಆಮೇಲೆ ಚೀಟಿಯನ್ನು ಜೇಬಿನಲ್ಲಿಡುವ ಮೊದಲು ಒಂದ್ಸಲ ಓದಿ.

ಅಪ್ಪ ಅಡ್ಡಿಯಿಲ್ಲ ಅಂದಿದ್ದಾರೆ. ಒಂದೇ ಷರತ್ತು... ಈ ಸಲ ಆಗಸ್ಟ್ 3ಕ್ಕೆ ಮನೆಯಲ್ಲಿರಬೇಕಂತೆ.